ಪೂಜೆಯಿಂದ ಎದ್ದ ಪಾನಾ

ನಮ್ಮ ಕಾರು ಎತ್ತು ಕಟ್ಟುವ ಜಾಗದಲ್ಲಿ ನಿಲ್ಲುತ್ತಿತ್ತು. ಜೇವರ್ಗಿಯ ನಮ್ಮ ಮನೆಯ ತಲೆಬಾಗಿಲು ದಾಟಿದರೆ ಎಡಕ್ಕೆ ಕೊಟ್ಟಿಗೆ, ಬಲಕ್ಕೆ ಕಟ್ಟೆ, ಎದುರಿಗೆ ಪಡಸಾಲೆ, ಪಡಸಾಲೆಯ ಹಿಂದೆ ಅಡುಗೆಮನೆ, ಅದರ ಮಗ್ಗುಲಿಗೆ ದೇವರ ಜಗಲಿ. ಅಜ್ಜ ತೀರಿದ ಮೇಲೆ ಎತ್ತುಗಳು ಕೊಳಕೂರಿನ ಹೊಲದ ಮನೆಗೆ ಹೋದವು. ಅವು ಬಿಟ್ಟುಹೋದ ಜಾಗಕ್ಕೆ ಅಪ್ಪ ಒಂದು ಹಳೆಯ ಕೆನೆಬಣ್ಣದ ಕಾರು ತಂದು ನಿಲ್ಲಿಸಿದ. ಮೇವು ಹಾಕುವ ಗೋದಲಿಯಲ್ಲಿ ಕಾರಿನ ಪಾನಾಗಳ ತಗಡಿನ ಪೆಟ್ಟಿಗೆ ಕೂತಿತು. ನಟ್ಟು ಬಿಚ್ಚುವ ಸ್ಪ್ಯಾನರಿಗೆ ನಮ್ಮ ಕಡೆ ಪಾನಾ ಎನ್ನುತ್ತೇವೆ. ಹಗ್ಗ ಬಿಗಿಯುವ ಗೂಟಕ್ಕೆ ಒರೆಸುವ ಅರಿವೆ ಜೋತುಬಿತ್ತು. ಆಯಿಗೆ, ಅಂದರೆ ಅಪ್ಪನ ತಾಯಿಗೆ, ಕಾರು ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಎತ್ತಿನ ಜಾಗದಲ್ಲಿ ನಿಂತದ್ದು ಎತ್ತು. ಅದಕ್ಕೂ ಹೊತ್ತಿಗೆ ನೀರು, ಹೊತ್ತಿಗೆ ಎಣ್ಣೆ, ಹಬ್ಬಕ್ಕೆ ಮೈತೊಳೆಯುವುದು.

ಆಯಿಯ ಮನೆಯಲ್ಲಿ ಯಾವುದೂ ತನ್ನ ಹೊತ್ತು ಮೀರುತ್ತಿರಲಿಲ್ಲ, ಯಾವುದೂ ತನ್ನ ಜಾಗ ಬಿಡುತ್ತಿರಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲಿನ ಒಂದು ಚೌಕ ಪಡಸಾಲೆಯ ಫರಸಿಕಲ್ಲಿನ ಮೇಲೆ ಬಿದ್ದು, ಗೋಡೆಯಿಂದ ಗೋಡೆಗೆ ದಿನವಿಡೀ ಸರಿಯುತ್ತಿತ್ತು. ಆ ಚೌಕ ನಡುಗಂಬದ ಬುಡ ಮುಟ್ಟುವಷ್ಟರಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಲ್ಲಬೇಕು. ಬೀಸುವ ಕಲ್ಲಿನ ಮಗ್ಗುಲಿಗೆ ಬಂದಾಗ ಆಯಿ ಎರಡನೆಯ ಸಲ ಕೈಕಾಲು ತೊಳೆದು ಲಿಂಗಪೂಜೆಗೆ ಕೂಡಬೇಕು. ಆಯಿ ಆ ಚೌಕವನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ, ಅಂಗಾಲಿನಿಂದ ನೋಡುತ್ತಿದ್ದಳು. ಕಲ್ಲು ಎಲ್ಲಿ ಬೆಚ್ಚಗಿದೆ ಎಂದು ಪಾದ ಹೇಳುತ್ತಿತ್ತು. ಆಕೆಯ ಎಡಗಣ್ಣು ನಾನು ಹುಟ್ಟುವ ಮೊದಲೇ ಹೋಗಿತ್ತು, ಬಲಗಣ್ಣಿಗೆ ಪೊರೆ ಬೆಳೆದು ಹಾಲಿನ ಬಣ್ಣಕ್ಕೆ ತಿರುಗಿತ್ತು. ನೀರಿನ ತಂಬಿಗೆ ಬೆರಳಿನಷ್ಟು ಆಚೆ ಸರಿದಿದ್ದರೂ ಮನೆಯೆಲ್ಲ ಗದ್ದಲ. ಆಕೆ ಸಿಟ್ಟಿನ ಹೆಂಗಸು ಎಂದು ಓಣಿಯವರು ಹೇಳುತ್ತಿದ್ದರು, ನಾನೂ ಹಾಗೇ ತಿಳಿದಿದ್ದೆ. ಆಕೆ ನಡೆಯುತ್ತಿದ್ದದ್ದೇ ಆ ಶಿಸ್ತನ್ನು ಊರಿಕೊಂಡು ಎಂಬುದು ನನಗೆ ತಿಳಿದದ್ದು ನಾನೇ ಒಂದು ಮನೆ ನಡೆಸತೊಡಗಿದ ಮೇಲೆ.

ಆ ಮನೆಯ ಇನ್ನೊಂದು ಕಟ್ಟಳೆ ಎಂದರೆ ಅವ್ವ ಆಯಿಯ ಜೊತೆ ಮಾತಾಡುತ್ತಿರಲಿಲ್ಲ. ಜಗಳವಾಗಿ ಮಾತು ಬಿಟ್ಟದ್ದಲ್ಲ. ಸೊಸೆ ಅತ್ತೆಯೊಡನೆ ನೇರವಾಗಿ ಮಾತಾಡಬಾರದು ಎಂಬುದು ಆ ಮನೆಯ ರೀತಿ. ಆಯಿಯೂ ತನ್ನ ಅತ್ತೆಯೊಂದಿಗೆ ಹಾಗೇ ಬಾಳಿದವಳು. ಇಬ್ಬರ ನಡುವೆ ಒಂದು ಬಾಯಿ ಬೇಕು. ಆ ಬಾಯಿ ನಾನು. ಒಂದೇ ಅಡುಗೆಮನೆಯಲ್ಲಿ, ಒಬ್ಬರು ಒಲೆಯ ಮುಂದೆ, ಇನ್ನೊಬ್ಬರು ಹೊಸ್ತಿಲ ಮೇಲೆ, ನಾನು ನಡುವೆ.

“ನಿಮ್ಮ ಆಯಿಗಿ ಕೇಳು, ಬ್ಯಾಳಿಗಿ ಹುಣಸಿಹಣ್ಣು ಹಾಕಲೇನು ಅಂತ.”

ನಾನು ಬಾಯಿ ತೆರೆಯುವಷ್ಟರಲ್ಲಿ ಆಯಿಯ ಉತ್ತರ ಬಂದಿರುತ್ತಿತ್ತು.

“ಹಾಕು ಅನ್ನು. ನಿನ್ನೆ ಹುಳಿ ಕಡಿಮಿ ಬಿದ್ದಿತ್ತು ಅನ್ನು.”

“ಅವ್ವಾ, ನಿನ್ನೆ ಹುಳಿ...”

“ಕೇಳಿಸ್ತು ಬಿಡು.”

ಆದರೂ ನಾನು ಪೂರ್ತಿ ಹೇಳಲೇಬೇಕು. ಹೇಳದೆ ಬಿಟ್ಟರೆ ಇಬ್ಬರೂ ನನ್ನನ್ನೇ ಬೈಯುತ್ತಿದ್ದರು. ಅವ್ವ ಮದುವೆಯಾಗಿ ಬಂದ ಮೇಲೆ ಆಯಿಯ ಕಣ್ಣು ಬೇಗನೆ ಮಬ್ಬಾಯಿತಂತೆ. ಹಾಗಾಗಿ ಆಯಿಗೆ ಸೊಸೆ ಎಂದರೆ ಬಳೆಯ ಸದ್ದು, ರೊಟ್ಟಿಯ ಬಡಿತ, ಮತ್ತು ನನ್ನ ಬಾಯಿಂದ ಬರುವ ಮಾತು. ನೀಲವ್ವ ಎಂದು ಅವ್ವನ ಹೆಸರು ಹಿಡಿದು ಆಯಿ ಕರೆದದ್ದು ನಾನು ಕೇಳಿರಲೇ ಇಲ್ಲ.

ಆ ವರ್ಷ ದಸರೆಯ ಹೊತ್ತಿಗೆ ಆಳಂದದಲ್ಲಿ ಕಣ್ಣಿನ ಶಿಬಿರ ಹಾಕಿದ್ದರು. ದೂರದ ಊರಿನ ಡಾಕ್ಟರರು ತಮ್ಮ ರಜೆಯಲ್ಲಿ ಬಂದು ಪೊರೆ ತೆಗೆಯುತ್ತಿದ್ದರು. ಅಪ್ಪ ಮೊದಲೇ ಆಯಿಯನ್ನು ಕರೆದೊಯ್ದು ತೋರಿಸಿಕೊಂಡು ಬಂದಿದ್ದ. ಇರುವುದೊಂದು ಕಣ್ಣು, ಅದರ ಪೊರೆ ಪೂರ್ತಿ ಬಲಿತಿದೆ, ಇನ್ನು ತಡಮಾಡಿದರೆ ಒಳಗೇ ಒಡೆದು ಆ ಕಣ್ಣೂ ಹೋಗುತ್ತದೆ, ದಶಮಿಯ ಬೆಳಿಗ್ಗೆ ತಪ್ಪದೆ ಬನ್ನಿ, ಅಂದೇ ನಮ್ಮ ಕಡೆಯ ದಿನ ಎಂದು ಡಾಕ್ಟರರು ಹೇಳಿ ಕಳಿಸಿದ್ದರು. ಹಿಂದಿನ ಶಿಬಿರಕ್ಕೆ ಆಯಿ ಹೋಗಿರಲಿಲ್ಲ. ಆಗ ಮನೆಯಲ್ಲಿ ಶೇಂಗಾ ಒಣಹಾಕಿದ್ದರು, ಒಣಹಾಕಿದ್ದನ್ನು ನಡುವೆ ಬಿಟ್ಟು ಹೋಗುವುದು ಆಕೆಯ ಕ್ರಮದಲ್ಲಿ ಇರಲಿಲ್ಲ. ಈ ಸಲ ಒಪ್ಪಿದ್ದಳು. ಹಾಸಿಗೆ, ಹೊದಿಕೆ, ಪೂಜೆಯ ಸಾಮಾನು, ಅಲ್ಲಿ ಉಳಿದು ಅಡುಗೆ ಮಾಡಿಕೊಳ್ಳಲು ಒಲೆ, ಪಾತ್ರೆ, ಎಲ್ಲವನ್ನೂ ಗಂಟು ಕಟ್ಟಿ ಪಡಸಾಲೆಯಲ್ಲಿ ಸಾಲಾಗಿ ಇಡಿಸಿದ್ದಳು. ಹಬ್ಬದ ದಿನ ಬೆಳಗಿನ ಬಸ್ಸಿನ ನಂಬಿಕೆ ಇರಲಿಲ್ಲ. ಹೋಗುವುದಾದರೆ ಕಾರಿನಲ್ಲಿ.

ದಶಮಿಯ ಹಿಂದಿನ ದಿನ ಖಂಡೆ ಪೂಜೆ. ದುಡಿಯುವ ಎಲ್ಲ ಸಾಮಾನಿಗೆ ಅಂದು ಪೂಜೆ, ಪೂಜೆಯಾದ ಮೇಲೆ ವಿಶ್ರಾಂತಿ. ಮರುದಿನ ಸಂಜೆ ಬನ್ನಿ ಎಲೆ ಕೊಟ್ಟು ತೆಗೆದುಕೊಂಡ ನಂತರವೇ ಅವು ಮತ್ತೆ ಏಳುವುದು. ಅಲ್ಲಿಯತನಕ ಕುಡುಗೋಲು ಹುಲ್ಲು ಮುಟ್ಟುವುದಿಲ್ಲ, ತಕ್ಕಡಿ ತೂಗುವುದಿಲ್ಲ. ಬೆಳಿಗ್ಗೆ ಆಯಿ ಜಗಲಿಯ ಮೇಲೆ ಎಲ್ಲವನ್ನೂ ಇಡಿಸಿದಳು: ಕೊಳಕೂರಿನಿಂದ ತಂದ ಕುಡುಗೋಲು, ಅಪ್ಪನ ಕಾಳಿನ ಅಡತಿ ಅಂಗಡಿಯ ತಕ್ಕಡಿ, ಕಾರಿನ ಪಾನಾಗಳು, ಅಡುಗೆಮನೆಯ ಈಳಿಗೆ. ಒಂದೊಂದನ್ನೂ ಬೆರಳಿನಿಂದ ಸವರಿ, ಗುರುತು ಹಿಡಿದು, ವಿಭೂತಿ ಎಳೆದು, ಕುಂಕುಮ ಇಟ್ಟಳು. ಆರತಿ ಮುಗಿದದ್ದೇ ಈಳಿಗೆಯನ್ನು ಮಾತ್ರ ಎತ್ತಿ ಹಿಂದಕ್ಕೆ ಚಾಚಿದಳು. ಅವ್ವ ಸೆರಗಿನಲ್ಲಿ ಹಿಡಿದು ಒಳಗೆ ಒಯ್ದಳು, ಬದನೆಕಾಯಿ ಹೆಚ್ಚುವುದಿತ್ತು. ನಾವು ಕಾರಿನ ಕಡೆ ಬಂದೆವು.

ಕಾರಿಗೆ ಮೈತೊಳೆಯುವ ಕೆಲಸ ಪ್ರತಿ ವರ್ಷ ಅಪ್ಪನದು. ಈ ಸಲ ಆಯಿ ತಾನೇ ಎದುರಿಗೆ ನಿಂತಳು. ಮರುದಿನ ತನ್ನನ್ನು ಹೊತ್ತು ಒಯ್ಯುವ ಎತ್ತು ಅದು. ಜಗಲಿಯ ಮೇಲೆ ಕೂಡದ್ದರಿಂದ ಅದಕ್ಕೆ ವಿಶ್ರಾಂತಿಯ ಕಟ್ಟಳೆ ಇರಲಿಲ್ಲ. ಹೊರಗೆಲ್ಲ ತೊಳೆದಾದ ಮೇಲೆ ಬಾನೆಟ್ಟಿನ ಮೇಲೆ ಕೈಯಿಟ್ಟು ಕೇಳಿದಳು:

“ಹೊಟ್ಟಿ ತೊಳದೀ ಏನು?”

“ಯವ್ವಾ, ಅದರೊಳಗ ನೀರು ಹಾಕಬಾರದು. ಯಂತ್ರ ಅದು.”

“ಎತ್ತಿಗಿ ಬೆನ್ನು ತೊಳದು ಹೊಟ್ಟಿ ಹಂಗಾ ಬಿಡ್ತಿದ್ದ ಏನಲೇ ನಿಮ್ಮಪ್ಪ? ತೆಗಿ ಮುಚ್ಚಳ.”

ಅಪ್ಪ ತೆರೆದ. ಆಯಿ ಕೊಡದಿಂದ ಬೆಚ್ಚನೆಯ ನೀರು ಹೊಯ್ದಳು. ವಿಭೂತಿ, ಕುಂಕುಮ ಹಚ್ಚಿದಳು. ಕುಸುಬಿ ಎಣ್ಣೆಯ ಬಟ್ಟಲಿನಲ್ಲಿ ಬೆರಳದ್ದಿ, ಕೋಡಿಗೆ ಸವರುವಂತೆ ಸಿಕ್ಕಲ್ಲೆಲ್ಲ ಸವರಿದಳು. ಕಡೆಗೆ ಕಾಯಿ ಒಡೆಯುವ ಹೊತ್ತು. ಒಳಗೆ ಕೈಯಾಡಿಸಿದಾಗ ಗುಂಡಗೆ, ಗಟ್ಟಿಯಾಗಿ, ಕಲ್ಲಿನಂಥದ್ದು ಒಂದು ಸಿಕ್ಕಿತು. ಅದರ ಮೇಲೆಯೇ ಒಡೆದಳು. ಒಂದೇ ಪೆಟ್ಟಿಗೆ ಕಾಯಿ ಸರಿಯಾಗಿ ಎರಡು ಹೋಳಾಯಿತು, ನೀರೆಲ್ಲ ಆ ಗುಂಡಗಿನದರ ಸೀಳುಗಳೊಳಗೆ ಇಳಿಯಿತು. ಶುಭ ಎಂದು ಎಲ್ಲರೂ ಕೈಮುಗಿದೆವು.

ಆ ಗುಂಡಗಿನದು ಡೈನಮೊ. ಈಗಿನ ಕಾರುಗಳಲ್ಲಿ ಅದರ ಕೆಲಸ ಮಾಡುವುದಕ್ಕೆ ಆಲ್ಟರ್ನೇಟರ್ ಎನ್ನುತ್ತಾರೆ, ಆದರೆ ನಮ್ಮ ಹೆದ್ದಾರಿಯ ಬದಿಯ ಅಂಗಡಿಗಳಲ್ಲಿ ಇವತ್ತಿಗೂ ಎಲ್ಲವೂ ಡೈನಮೊ. ಎಂಜಿನ್ ತಿರುಗುವಾಗ ಒಂದು ಬೆಲ್ಟು ಇದನ್ನೂ ತಿರುಗಿಸುತ್ತದೆ, ಇದು ತಿರುಗಿ ಕರೆಂಟು ಹುಟ್ಟಿಸಿ ಬ್ಯಾಟರಿಗೆ ಉಣಿಸುತ್ತದೆ. ಉಣಿಸುತ್ತಿದೆ ಎಂಬುದಕ್ಕೆ ಗುರುತು ಸ್ಟೇರಿಂಗಿನ ಹಿಂದಿನ ಒಂದು ಕೆಂಪು ದೀಪ. ಕಾರು ಶುರುವಾದ ಮೇಲೆ ಅದು ಆರಬೇಕು. ಅಂದು ನಿಂಬೆಹಣ್ಣಿನ ಮೇಲೆ ಗಾಲಿ ಹಾಯಿಸಲು ಅಪ್ಪ ಕಾರು ಶುರು ಮಾಡಿದ. ಒಳಗೆ ಏನೋ ಕಿರುಚಿತು, ಸುಟ್ಟ ವಾಸನೆ ಬಂತು, ದೀಪ ಆರಲಿಲ್ಲ. ಅಪ್ಪ ಕಾಲಿನಿಂದ ಎಷ್ಟು ಒತ್ತಿದರೂ ಆರಲಿಲ್ಲ. ಬ್ಯಾಟರಿಯೂ ಹಳೆಯದು. ಅದರ ಮೇಲೇ ಹೊರಟರೆ ಭೀಮಾ ನದಿಯ ಸೇತುವೆ ದಾಟುವಷ್ಟರಲ್ಲಿ ನಿಂತುಬಿಡುತ್ತದೆ ಎಂದು ಅಪ್ಪ ಹೇಳಿದ. ಹೇಳುವಾಗ ಆಯಿಯ ಕಡೆ ನೋಡಲಿಲ್ಲ.

ಅಪ್ಪ ಹೋಗಿ ಮಹಿಬೂಬ ಚಾಚಾನನ್ನು ಕರೆತಂದ. ಚಾಚಾನ ಗಾಡಿ ರಿಪೇರಿಯ ಅಂಗಡಿ ವಿಜಯಪುರದ ರಸ್ತೆಯ ಮೇಲೆ. ಅಪ್ಪನ ಜೊತೆ ಸಾಲೆ ಕಲಿತವನು, ನಮ್ಮ ಮನೆಗೆ ಬಂದರೆ ಕಟ್ಟೆಯ ಮೇಲೆ ಕೂಡದೆ ಸೀದಾ ಪಡಸಾಲೆಗೆ ಬರುವವನು. ಕಂಕುಳಲ್ಲಿ ಗೋಣಿಯಲ್ಲಿ ಸುತ್ತಿದ ಒಂದು ಡೈನಮೊ ಹಿಡಿದೇ ಬಂದ, ಓಡದೆ ಬಿದ್ದ ಯಾವುದೋ ಕಾರಿನದು, ತಾನೇ ತೊಳೆದು ಸರಿಮಾಡಿ ಇಟ್ಟುಕೊಂಡದ್ದಂತೆ. ಬಾನೆಟ್ಟಿನೊಳಗೆ ತಲೆ ಹಾಕಿ ಒಮ್ಮೆ ಮೂಸಿದ.

“ಆಯೀ, ಇದಕ್ಕ ಕಾಯಿನೀರು ಕುಡಿಸೀರೇನ್ರಿ?”

“ಪೂಜಾಕ್ಕ ಒಡದೀನಪಾ.”

“ಪೂಜಾ ಒಪ್ಪಿಕೊಂಡಾದ ನೋಡ್ರಿ. ಒಂದು ಹನಿ ಕೆಳಗ ಬಿಟ್ಟಿಲ್ಲ.”

ಆಯಿ ನಗಲಿಲ್ಲ. ಚಾಚಾ ಗೋಣಿ ಬಿಚ್ಚಿ ತಾನು ತಂದದ್ದನ್ನು ಕಟ್ಟೆಯ ಮೇಲಿಟ್ಟ.

“ಸಾವಕಾರ್ರ, ಇದನ್ನ ಕೂಡಸಾಕ ಬಾಳ ಹೊತ್ತು ಬ್ಯಾಡ. ಆದ್ರ ಪಾನಾ ಎಲ್ಲಿಂದ ತರೋದು?”

“ನಿನ್ನ ಅಂಗಡ್ಯಾಗಿನವು?”

“ನನ್ನವೂ ಪೂಜಾದಾಗ ಕೂತಾವ್ರಿ. ನಮ್ಮ ಅಬ್ಬಾನ ಕಾಲದಿಂದ ಕೂಡಸ್ತೇವಿ. ಕೂಡಸದಿದ್ರ ಲಾರಿಯವ್ರು ನಮ್ಮ ಅಂಗಡಿಗಿ ಗಾಡಿ ತರ್ತಾರೇನು? ಮುಂಜಾನೆ ನಾನಾ ಹುಡುಗ್ರಿಗಿ ತಾಕೀತು ಮಾಡೇನಿ, ನಾಳೆ ಸಂಜೀತನಕ ಯಾರಾದ್ರೂ ಮುಟ್ಟಿದ್ರ ಕೈ ಮುರಿತೇನಿ ಅಂತ. ಈಗ ನಾನಾ ಹೋಗಿ ಎತ್ತಲೇನು?”

ಅಪ್ಪ ಸೈಕಲ್ ಅಂಗಡಿಗೆ ಹೋಗಿಬಂದ. ಹಿಟ್ಟಿನ ಗಿರಣಿಗೆ ಹೋಗಿಬಂದ. ಪಂಪಸೆಟ್ಟು ರಿಪೇರಿ ಮಾಡುವವನ ಮನೆಗೂ ಹೋದ, ನಾನೂ ಬೆನ್ನು ಹತ್ತಿ ಹೋದೆ. ಎಲ್ಲಿ ನೋಡಿದರೂ ಅಷ್ಟೇ. ಬಾಗಿಲು ತೆರೆದಿದೆ, ಸಾಮಾನು ಸಾಲಾಗಿ ಹಾಸಿನ ಮೇಲಿದೆ, ಒಂದೊಂದರ ಹಣೆಯಲ್ಲೂ ಕುಂಕುಮ, ಮುಂದೆ ಊದಿನಕಡ್ಡಿಯ ಬೂದಿ. ಸದಾ ಬಡಿದು, ಕೊರೆದು, ಉಜ್ಜಿ ಗದ್ದಲ ಮಾಡುವ ಆ ರಸ್ತೆಯಲ್ಲಿ ಒಂದು ಕಬ್ಬಿಣ ಇನ್ನೊಂದಕ್ಕೆ ತಾಗುವ ಸದ್ದಿರಲಿಲ್ಲ. ನನಗೆ ಅದು ಗುಡಿಯೊಳಗೆ ನಡೆದಂತೆ ಅನ್ನಿಸಿತು. ಒಂದು ಸುತ್ತಿಗೆಯ ಮುಂದೆ ನಿಂತು, ಯಾರೂ ಹೇಳದೆಯೇ ಕೈಮುಗಿದದ್ದು ನೆನಪಿದೆ. ಊರಿನ ಎಲ್ಲ ದುಡಿಮೆಯೂ ಒಟ್ಟಿಗೆ ಕಣ್ಣು ಮುಚ್ಚಿ ಕೂತಿತ್ತು. ಜೇವರ್ಗಿಯಲ್ಲಿ ಅಂದು ಎದ್ದಿರುವ ಪಾನಾ ಒಂದೂ ಇರಲಿಲ್ಲ.

ಮನೆಗೆ ಬಂದು ಅಪ್ಪ ಜಗಲಿಯ ಮುಂದೆ ನಿಂತ. ಆಯಿ ಗಂಟುಗಳ ಮಗ್ಗುಲಲ್ಲಿ ಕೂತಿದ್ದಳು.

“ಯವ್ವಾ, ನಮ್ಮವಾ ಎತ್ತತೇನಿ.”

“ಏನು?”

“ಪಾನಾ. ಕೆಲಸ ಮುಗಿಸಿ ಹೊಳ್ಳಿ ಇಡ್ತೇನಿ.”

“ಕುಂಡರಿಸಿದ ದೇವರನ್ನ ನಡುವ ಎಬ್ಬಸ್ತೀ ಏನಲೇ? ನಿಮ್ಮಜ್ಜ ಎಬ್ಬಿಸಲಿಲ್ಲ, ನಿಮ್ಮಪ್ಪ ಎಬ್ಬಿಸಲಿಲ್ಲ. ಬ್ಯಾರೆ ಯಾರ ಸಲುವಾಗ್ಯಾರ ಆದ್ರ ಒಂದು ಮಾತು. ನನ್ನ ಕಣ್ಣಿನ ಸಲುವಾಗಿ ನಾ ರೀತಿ ಮುರೀಲೇನು? ಬಿಡು. ಒಂದು ಕಣ್ಣು ಹೋದಾಗ ಬದುಕೇನಿ. ಇನ್ನೊಂದು ಹೋದ್ರೂ ಬದುಕ್ತೇನಿ. ಎಲ್ಲಾ ಜಾಗ ನಂಗ ಗೊತ್ತದಾವ.”

ಕಡೆಯ ಮಾತನ್ನು ಆಕೆ ಬಹಳ ಮೆತ್ತಗೆ ಅಂದಳು. ಅಪ್ಪ ತಲೆ ತಗ್ಗಿಸಿದ. ಅವನು ಅಂಗಡಿಯಲ್ಲಿ ಎಷ್ಟು ಜೋರಾಗಿ ವ್ಯಾಪಾರ ಮಾಡಿದರೂ ತಾಯಿಯ ಎದುರಿಗೆ ಎರಡನೆಯ ಮಾತು ಆಡಿದವನಲ್ಲ. ಚಾಚಾ ಕಂಬಕ್ಕೆ ಒರಗಿ ನಿಂತು ತನ್ನ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. “ಆಯೀ, ಕಣ್ಣಿನ ಮೋತಿಬಿಂದು ಅಂದ್ರ ಹಬ್ಬ ನೋಡ್ಕೊಂಡು ಕೂಡಂಗಿಲ್ರಿ” ಎಂದು ಗೊಣಗಿದ. ಆಯಿ ಕೇಳದವಳಂತೆ ಗಂಟಿನ ತುದಿ ಬಿಚ್ಚತೊಡಗಿದಳು. ಕಟ್ಟಿದ್ದನ್ನು ಬಿಚ್ಚಿ ಒಂದೊಂದಾಗಿ ತಿರುಗಿ ಅದರದರ ಜಾಗಕ್ಕೆ ಇಡುವ ಕೆಲಸ. ಮೊದಲು ಒಲೆ. ಆಮೇಲೆ ಪಾತ್ರೆ. ಅದನ್ನು ನೋಡಿಯೇ ನನಗೆ ಅಳು ಬಂತು.

ಆಗ ಅಡುಗೆಮನೆಯ ಬಾಗಿಲಲ್ಲಿ ಒಂದು ದನಿ ಕೇಳಿತು.

“ಅತ್ತಿಯವ್ರ.”

ನಾನು ಎಲ್ಲರಿಗಿಂತ ಮೊದಲು ತಿರುಗಿದೆ, ಯಾಕೆಂದರೆ ಆ ಮಾತು ನನ್ನ ಮೂಲಕ ಹೋಗಬೇಕಿತ್ತು. ಅವ್ವ ನನ್ನನ್ನು ನೋಡುತ್ತಿರಲಿಲ್ಲ. ತಲೆಯ ಮೇಲಿನ ಸೆರಗು ಹಿಡಿದುಕೊಂಡು ಹೊಸ್ತಿಲ ಈಚೆ ಬಂದು ನಿಂತಿದ್ದಳು.

“ಅತ್ತಿಯವ್ರ, ಈಳಿಗಿನೂ ಜಗಲಿ ಮ್ಯಾಲ ಕೂತಿತ್ತು. ಆರತಿ ಆರೂದ್ರಾಗ ನೀವಾ ಎತ್ತಿ ನನ್ನ ಕೈಯಾಗ ಕೊಟ್ರಿ. ಬದನಿಕಾಯಿ ಹೆಚ್ಚೂದಿತ್ತು, ಕೊಟ್ರಿ. ಪ್ರತಿ ವರ್ಷ ಕೊಡ್ತೀರಿ. ಈಳಿಗಿ ಎದ್ರ ದೋಷ ಇಲ್ಲ, ಪಾನಾ ಎದ್ರ ದೋಷ ಹೆಂಗ್ರಿ?”

ಆಯಿಯ ಕೈ ಗಂಟಿನ ಮೇಲೆ ನಿಂತಿತು. ಆಕೆ ನನಗೆ ಹೇಳಲಿಲ್ಲ, ಅಪ್ಪನಿಗೆ ಹೇಳಲಿಲ್ಲ. ದನಿ ಬಂದ ಕಡೆಗೇ ಮುಖ ತಿರುಗಿಸಿದಳು.

“ಅದು ಊಟದ್ದು. ಹಸಿವಿಗಿ ಹಬ್ಬ ಗೊತ್ತಿರಂಗಿಲ್ಲ.”

“ಕಣ್ಣಿಗಿ ಗೊತ್ತಿರ್ತದೇನ್ರಿ?”

ನಾನು ಮುಂದೆ ಎಷ್ಟೋ ಸಭೆಗಳಲ್ಲಿ ಕೂತಿದ್ದೇನೆ, ದೊಡ್ಡವರ ವಾದ ಕೇಳಿದ್ದೇನೆ. ಅಷ್ಟು ಸಣ್ಣ ದನಿಯಲ್ಲಿ ಅಷ್ಟು ದೊಡ್ಡ ಮಾತು ಮತ್ತೆ ಕೇಳಲಿಲ್ಲ. ಹೇಳಿದ ಮೇಲೆ ಅವ್ವ ಹಿಂದೆ ಸರಿಯಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಉತ್ತರಕ್ಕೆ ಕಾದಳು. ಅಷ್ಟು ವರ್ಷ ಆ ಮಾತುಗಳನ್ನೆಲ್ಲ ಆಕೆ ಎಲ್ಲಿ ಇಟ್ಟುಕೊಂಡಿದ್ದಳು ಎಂದು ನನಗೆ ಬೆರಗಾಯಿತು. ದಿನವೂ ನನ್ನ ಬಾಯಿಂದ ಹೋಗುತ್ತಿದ್ದದ್ದು ಬೇಳೆ, ಹುಳಿ, ಉಪ್ಪು. ಇದನ್ನು ಎಂದೂ ನನ್ನ ಕೈಗೆ ಕೊಟ್ಟಿರಲಿಲ್ಲ.

ಆಯಿ ಗಂಟಿನಿಂದ ಕೈ ತೆಗೆದಳು. ಎಲ್ಲ ವರ್ಷಗಳ ಖಂಡೆ ಪೂಜೆಗಳನ್ನು, ತಾನೇ ಸೊಸೆಯಾಗಿದ್ದಾಗಿನವನ್ನೂ ಸೇರಿಸಿ, ಒಂದೊಂದಾಗಿ ಸವರಿ ನೋಡುತ್ತಿರುವಂತೆ ಇತ್ತು ಆಕೆಯ ಮುಖ. ಕಡೆಗೆ ಮೊಣಕಾಲಿನ ಮೇಲೆ ಕೈಯೂರಿ ಎದ್ದಳು.

“ಖರೇ ಅದ,” ಎಂದಳು. “ಅದಕ್ಕ ನಾವು ಎಂದೂ ವಿಶ್ರಾಂತಿ ಕೊಟ್ಟಿಲ್ಲ. ನಮ್ಮತ್ತಿನೂ ಕೊಡಲಿಲ್ಲ.” ಆಮೇಲೆ ದನಿ ಏರಿಸಿ, “ನೀಲವ್ವಾ, ಈಳಿಗಿ ತೊಳಕೊಂಡು ಬಾ. ಪಾನಾ ನೀನಾ ಎತ್ತು. ಅದರ ಜಾಗದಾಗ ಈಳಿಗಿ ಕೂಡಲಿ. ಜಗಲಿ ಖಾಲಿ ಇರಬಾರದು.”

ಅವ್ವ ಈಳಿಗೆ ತೊಳೆದು ತಂದು ಆಯಿಯ ಕೈಗೆ ಕೊಟ್ಟಳು. ಪಾನಾಗಳಿಗೆ ನಮಸ್ಕಾರ ಮಾಡಿ, ಮಗುವನ್ನು ಎತ್ತುವಂತೆ ಎರಡೂ ಕೈಯಿಂದ ಎತ್ತಿದಳು. ಎಣ್ಣೆಗಪ್ಪಿನ ಕಬ್ಬಿಣದ ಮೇಲಿನ ಕುಂಕುಮ ಆಕೆಯ ಅಂಗೈಗೆ ಅಂಟಿತು. ಆಯಿ ಬರಿದಾದ ಜಾಗವನ್ನು ಬೆರಳಿನಿಂದ ಅಳೆದು ಈಳಿಗೆಯನ್ನು ಅಲ್ಲಿ ಕೂರಿಸಿ, ಹೊಸದಾಗಿ ವಿಭೂತಿ ಎಳೆದಳು.

“ನಾಳೆ ಬನ್ನಿ ಕೊಡೂತನಕ ನೀ ಏಳಬ್ಯಾಡ,” ಎಂದು ಅದಕ್ಕೇ ಹೇಳಿದಳು. “ಅಲ್ಲೀತನಕ ಈ ಮನ್ಯಾಗ ಏನೂ ಹೆಚ್ಚಂಗಿಲ್ಲ.”

ಹೊರಗೆ ಚಾಚಾ ಕೈತೊಳೆದುಕೊಂಡು, ಪಾನಾ ಮುಟ್ಟುವ ಮೊದಲು ತಾನೂ ಒಮ್ಮೆ ಕಣ್ಣಿಗೊತ್ತಿಕೊಂಡ. ಆಯಿ ಕೊಟ್ಟಿಗೆಯ ಬಾಗಿಲಲ್ಲಿ ಬಂದು ಕೂತಳು. ಒಪ್ಪಿಕೊಂಡ ಮೇಲೆ ಕೆಲಸವೂ ತನ್ನ ಕ್ರಮದಲ್ಲೇ ಆಗಬೇಕು. ಒಂದು ಬಿಳಿ ಧೋತರದ ತುಂಡು ಹಾಸಿಸಿ, ನನ್ನನ್ನು ಅದರ ಮುಂದೆ ಕೂಡಿಸಿದಳು.

“ಬಿಚ್ಚಿದ್ದನ್ನ ಬಿಚ್ಚಿದ ಸಾಲಿನಾಗ ಇಡು. ಹೊಳ್ಳಿ ಹಾಕುವಾಗ ಕಡೀದು ಮೊದಲು. ನಡುವ ಒಂದು ತಪ್ಪಿದ್ರ ನಿನ್ನ ಕಿವಿ ನನ್ನ ಕೈಯಾಗ.”

ಚಾಚಾ ಮೊದಲು ಬ್ಯಾಟರಿಯ ತಂತಿ ಕಳಚಿದ. ಅದನ್ನು ಕಳಚದೆ ಮುಂದಿನದಕ್ಕೆ ಕೈ ಹಾಕಬಾರದು ಎಂದು ಅಪ್ಪನಿಗೆ ಹೇಳಿದ, ಅಪ್ಪ ತನಗೆ ಗೊತ್ತಿದೆ ಎಂದ, ಚಾಚಾ ಗೊತ್ತಿದ್ದವರೇ ಕಿಡಿ ಹಾರಿಸಿಕೊಳ್ಳುತ್ತಾರೆ ಎಂದ. ಆಮೇಲೆ ಡೈನಮೊ ಹಿಡಿದಿದ್ದ ಸೀಳು ಪಟ್ಟಿಯ ಬೋಲ್ಟು ಸಡಿಲಿಸಿ ಅದನ್ನು ಎಂಜಿನ್ನಿನ ಕಡೆ ತಳ್ಳಿದಾಗ ಬೆಲ್ಟು ಜೋಲಿಬಿತ್ತು. ಕುಸುಬಿ ಎಣ್ಣೆ ಕುಡಿದ ಆ ಬೆಲ್ಟನ್ನು ಚಾಚಾ ಎತ್ತಿ ತೋರಿಸಿ, “ಇದಕ್ಕೂ ಎಣ್ಣಿಸ್ನಾನ” ಎಂದ. ಅಪ್ಪ ಅದನ್ನು ಸೀಗೆಪುಡಿಯಲ್ಲಿ ತಿಕ್ಕಿ ತೊಳೆದು ಬಿಸಿಲಿಗೆ ಹಾಕಿದ. ಹಿಂದಿನ ಎರಡು ತಂತಿಗಳಲ್ಲಿ ದಪ್ಪನೆಯದಕ್ಕೆ ಅವ್ವ ಒಳಗಿನಿಂದ ತಂದ ಕೆಂಪು ದಾರ ಕಟ್ಟಿದಳು, ಅದಲುಬದಲು ಆಗಬಾರದೆಂದು. ಮೇಲಿನ ಬೋಲ್ಟುಗಳು ಕಡೆಗೆ ಬಂದವು. ಒಂದೊಂದು ವಾಷರೂ, ಒಂದೊಂದು ನಟ್ಟೂ ನನ್ನ ಧೋತರದ ಮೇಲೆ ಸಾಲಾಗಿ ನಿಂತಿತು. ಇವತ್ತಿಗೂ ನಾನು ಮಿಕ್ಸರ್ ಬಿಚ್ಚಲಿ, ಬಾಗಿಲಿನ ಚಿಲಕ ಬಿಚ್ಚಲಿ, ಮೊದಲು ಬಿಳಿ ಬಟ್ಟೆ ಹಾಸುತ್ತೇನೆ. ಮೊಮ್ಮಕ್ಕಳು ನಗುತ್ತಾರೆ, ನಗಲಿ.

ಹೊರಬಂದ ಹಳೆಯ ಡೈನಮೊದ ಒಂದು ಬದಿಯ ಮುಚ್ಚಳ ತೆಗೆದು ಚಾಚಾ ನನ್ನ ಮುಂದೆ ಹಿಡಿದ. ಅದರೊಳಗೆ ತುಕ್ಕಿರಬಹುದು, ಹೊಲಸಿರಬಹುದು ಎಂದುಕೊಂಡಿದ್ದೆ. ಕಂಡದ್ದು ತಾಮ್ರ. ಕೂದಲಿನಷ್ಟು ನುಣುಪಾದ ತಂತಿ, ಸಾಲಿನ ಮಗ್ಗುಲಿಗೆ ಸಾಲು, ಸುರುಳಿಯ ಮಗ್ಗುಲಿಗೆ ಸುರುಳಿ, ಒಂದರ ಮೇಲೊಂದು ಏರದೆ, ಒಂದನ್ನೊಂದು ಬಿಡದೆ. ನಮ್ಮ ಮನೆಗಿಂತ ಕಟ್ಟುನಿಟ್ಟಾದ ಮನೆಯೊಂದು ನಮ್ಮ ಕೊಟ್ಟಿಗೆಯಲ್ಲೇ ಇಷ್ಟು ದಿನ ಇತ್ತು. ಒಂದು ಕಡೆ ಮಾತ್ರ ಕಪ್ಪಗೆ ಸುಟ್ಟಿತ್ತು, ಅಲ್ಲಿ ಒದ್ದೆ ಕುಂಕುಮ ಹರಿದ ಗುರುತು. ಇದರೊಳಗೆ ದೀಪದ ಬೆಳಕು ಹುಟ್ಟುತ್ತಿತ್ತೇ ಎಂದು ಕೇಳಿದೆ. ಹೌದು, ತಿರುಗಿದರೆ ಹುಟ್ಟುತ್ತದೆ, ನಿಂತರೆ ಇಲ್ಲ ಎಂದ ಚಾಚಾ. ಆಯಿ ಕೈ ಚಾಚಿದಳು. ಅವ್ವ ಆಕೆಯ ಬೆರಳು ಹಿಡಿದು ಆ ತಂತಿಗಳ ಮೇಲೆ ಇರಿಸಿದಳು. ಆಯಿ ಸವರಿದಳು. ಸುಟ್ಟ ಜಾಗಕ್ಕೆ ಬಂದಾಗ ಬೆರಳು ನಿಂತಿತು.

“ಇದನ್ನ ನಾ ಕೊಂದೆನಲ್ಲ,” ಎಂದಳು.

“ಪೂಜಾ ಮಾಡಾಕ ಹೋಗಿದ್ರಿ,” ಎಂದಳು ಅವ್ವ.

ಹೊಸದನ್ನು ಕೂಡಿಸುವಾಗ ನನ್ನ ಸಾಲು ಹಿಂದುಮುಂದಾಗಿ ಖಾಲಿಯಾಗುತ್ತ ಬಂತು. ಬೋಲ್ಟು ಹಾಕಿ, ಬಿಗಿಯದೆ ಬಿಟ್ಟು, ಬೆಲ್ಟು ಏರಿಸಿ, ಅಪ್ಪ ಒಂದು ಕಟ್ಟಿಗೆಯಿಂದ ಡೈನಮೊವನ್ನು ಹೊರಕ್ಕೆ ಮೀಟಿ ಹಿಡಿದ. ಚಾಚಾ ಬೆಲ್ಟಿನ ನಡುವೆ ಹೆಬ್ಬೆರಳು ಒತ್ತಿ ನೋಡಿದ. ತೀರ ಬಿಗಿಯಾದರೆ ಬೇರಿಂಗು ಅಳುತ್ತದೆ, ಸಡಿಲವಾದರೆ ಬೆಲ್ಟು ಜಾರುತ್ತದೆ, ಒತ್ತಿದರೆ ಒಂದು ಬೆರಳಿನಷ್ಟು ತಗ್ಗಬೇಕು. ಪಟ್ಟಿ ಬಿಗಿದು, ಕೆಂಪು ದಾರದ ತಂತಿ ಅದರ ಜಾಗಕ್ಕೆ, ಸಣ್ಣದು ಅದರ ಜಾಗಕ್ಕೆ, ಎಲ್ಲಕ್ಕೂ ಕಡೆಗೆ ಬ್ಯಾಟರಿ. ಧೋತರದ ಮೇಲೆ ಏನೂ ಉಳಿಯಲಿಲ್ಲ. ಅಪ್ಪ ಚಾವಿ ತಿರುವಿದ. ನಾನು ಕಿಟಕಿಯಿಂದ ತಲೆ ಹಾಕಿ ಕೆಂಪು ದೀಪವನ್ನೇ ನೋಡುತ್ತಿದ್ದೆ. ಎಂಜಿನ್ ಕೆಮ್ಮಿ ಶುರುವಾಯಿತು. ದೀಪ ಇನ್ನೂ ಇತ್ತು. ಅಪ್ಪ ಮೆಲ್ಲಗೆ ಕಾಲೊತ್ತಿದ. ದೀಪ ಮಂಕಾಯಿತು, ಒಮ್ಮೆ ಮಿಟುಕಿತು, ಆರಿತು.

“ಆರಿತು!” ಎಂದು ಕೂಗಿದೆ. ದೀಪ ಆರಿದ್ದಕ್ಕೆ ಹಿಗ್ಗಿ ಕೂಗಿದ ಮನೆ ಆ ಊರಲ್ಲಿ ನಮ್ಮದೊಂದೇ ಇರಬೇಕು.

ಸಂಜೆಯ ಊಟಕ್ಕೆ ಏನೂ ಹೆಚ್ಚಲಿಲ್ಲ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆನೆಮೊಸರು, ಕೈಯಿಂದ ಸೋಸಿದ ಪುಂಡಿಸೊಪ್ಪಿನ ಪಲ್ಯ. ಉಳ್ಳಾಗಡ್ಡಿಯನ್ನು ಅಪ್ಪ ಮುಷ್ಟಿಯಿಂದ ಗುದ್ದಿ ಒಡೆದ. ಚಾಚಾನೂ ಕೂತು ಉಂಡ. ಜಗಲಿಯ ಮೇಲೆ ಈಳಿಗೆ ಕುಂಕುಮ ಹಚ್ಚಿಕೊಂಡು ಕೂತಿತ್ತು. ರೊಟ್ಟಿ ಬಡಿಸಲು ಓಡಾಡುವಾಗಲೆಲ್ಲ ಅವ್ವ ಅದನ್ನು ಒಮ್ಮೆ ನೋಡುತ್ತಿದ್ದಳು.

ಮರುದಿನ ನಸುಕಿನಲ್ಲಿ ಹೊರಟೆವು. ಭೀಮಾ ಸೇತುವೆ ದಾಟಿದೆವು, ಕಲಬುರಗಿ ದಾಟಿದೆವು, ಕಡಗಂಚಿಯ ಹತ್ತಿರ ತೊಗರಿ ಹೊಲಗಳ ಮೇಲೆ ಬಿಸಿಲು ಹತ್ತಿತು. ಆಯಿ ಹಿಂದಿನ ಸೀಟಿನಲ್ಲಿ ಅವ್ವನ ಮಗ್ಗುಲಿಗೆ ಕೂತು ಆಗಾಗ ಕೇಳುತ್ತಿದ್ದಳು, ಕೆಂಪು ದೀಪ ಹತ್ತ್ಯಾದೇನು? ಇಲ್ಲ ಎಂದು ನಾನು ಹೇಳುವ ಮೊದಲೇ ಅವ್ವ ಹೇಳಿಬಿಡುತ್ತಿದ್ದಳು. ನನಗೆ ಇನ್ನು ಆ ಕೆಲಸ ಉಳಿಯಲಿಲ್ಲ ಎಂದು ಅಲ್ಲಿ ತಿಳಿಯಿತು. ಆಳಂದದ ಶಿಬಿರದಲ್ಲಿ ಆಯಿಯ ಹೆಸರು ಕೂಗಿದಾಗ ನಾವು ಬಾಗಿಲಲ್ಲಿದ್ದೆವು. ಪೊರೆ ತೆಗೆದರು, ಪಟ್ಟಿ ಕಟ್ಟಿದರು. ಅವ್ವ ಅಲ್ಲೇ ಉಳಿದು ಆಯಿಯ ಪೂಜೆಯ ಹೊತ್ತು, ಊಟದ ಹೊತ್ತು ಒಂದೂ ತಪ್ಪದಂತೆ ನೋಡಿಕೊಂಡಳು.

ಪಟ್ಟಿ ಬಿಚ್ಚಿದಾಗ ಬೆಳಕು ಮಾತ್ರ ಕಂಡಿತಂತೆ. ಸರಿಯಾಗಿ ಕಾಣಿಸಿದ್ದು ಕೆಲವು ವಾರಗಳ ನಂತರ, ದಪ್ಪ ಗಾಜಿನ ಕನ್ನಡಕ ಬಂದಾಗ. ಅಪ್ಪ ಕಟ್ಟೆಯ ಮೇಲೆ ಕೂಡಿಸಿ ಹಾಕಿದ. ಆಯಿ ಮೊದಲು ತನ್ನ ಕೈ ನೋಡಿಕೊಂಡಳು, ಹಿಂದೆ ಮುಂದೆ ತಿರುಗಿಸಿ. ಆಮೇಲೆ ಗೋಡೆ. ಆಮೇಲೆ ನನ್ನನ್ನು ಹತ್ತಿರ ಎಳೆದು, “ನಿಮ್ಮಜ್ಜನ ಮೂಗಾ ತಂದೀಯಲ್ಲ” ಎಂದು ನಕ್ಕಳು. ಅಪ್ಪ ದಪ್ಪಗಾಗಿದ್ದಾನೆ ಎಂದಳು. ಆಮೇಲೆ ಅತ್ತಿತ್ತ ತಿರುಗಿ ಕರೆದಳು.

“ನೀಲವ್ವಾ, ಹೊರಗ ಬಾ.”

ಅವ್ವ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ಆಯಿ ಎದ್ದು, ಆಕೆಯ ಸೆರಗನ್ನು ತಾನೇ ತಲೆಯಿಂದ ಹಿಂದಕ್ಕೆ ಸರಿಸಿ, ಬಿಸಿಲಿಗೆ ಮುಖ ತಿರುಗಿಸಿದಳು. ದಪ್ಪ ಗಾಜಿನ ಹಿಂದೆ ಆ ಕಣ್ಣು ಬಹಳ ದೊಡ್ಡದಾಗಿ ಕಾಣುತ್ತಿತ್ತು. ಅಷ್ಟು ಹೊತ್ತು ಒಂದು ಮುಖವನ್ನು ಯಾರಾದರೂ ನೋಡಿದ್ದನ್ನು ನಾನು ಕಂಡಿರಲಿಲ್ಲ. ಆಕೆಯ ಬೆರಳು ಅವ್ವನ ಕಿವಿಯ ಮೇಲಿನ ಕೂದಲಿಗೆ ಬಂದು ನಿಂತಿತು.

“ಬೆಳ್ಳಗಾಗ್ಯಾವಲ್ಲ ಬೇ. ಯಾವಾಗ ಆದವು?”

“ಇಲ್ಲೇ, ನಿಮ್ಮ ಮುಂದಾ ಆದವ್ರಿ.”

ಆಯಿ ಹಿಂದಕ್ಕೆ ಸರಿದು ಕಟ್ಟೆಯ ಮೇಲೆ ಕೂತು, ಮಗ್ಗುಲಿನ ಕಲ್ಲನ್ನು ಅಂಗೈಯಿಂದ ಒರೆಸಿದಳು.

“ಕೂಡು,” ಎಂದಳು.

ಆ ಮನೆಯಲ್ಲಿ ಸೊಸೆ ಅತ್ತೆಯ ಸಮ ಕೂಡುವುದಿರಲಿಲ್ಲ. ಅವ್ವ ಒಮ್ಮೆ ನನ್ನ ಕಡೆ ನೋಡಿದಳು, ನಾನು ಏನಾದರೂ ಹೇಳಬೇಕೇನೋ ಎಂಬಂತೆ. ನಾನು ನಡುವಿನಿಂದ ಪಕ್ಕಕ್ಕೆ ಸರಿದೆ. ಅವ್ವ ಕೂತಳು.